ಸಾಬವ್ವನ ಹಲ್ಲಿರಾಯ, ಪಾಟೀಲನ ಡಂಗುರ

ಭೀಮಾ ನದಿಯ ದಂಡೆಯ ಆ ಊರಿಗೆ ಹುಕುಂ ನಡೆಸುವವರ ಕೊರತೆ ಇರಲಿಲ್ಲ. ಹೈದರಾಬಾದಿನಲ್ಲಿ ಕೂತು ನಡೆಸುವವರಿದ್ದರು, ಜೇವರ್ಗಿಯ ಕಚೇರಿಯಲ್ಲಿ ಕೂತು ನಡೆಸುವವರಿದ್ದರು, ಊರ ಚಾವಡಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ನಡೆಸುವ ಪಾಟೀಲ ಕಲ್ಯಾಣಪ್ಪನಂತೂ ಇದ್ದೇ ಇದ್ದ. ಆದರೆ ಸಾವಿರದ ಒಂಬೈನೂರ ಮೂವತ್ತೆಂಟರ ಜೋಳದ ಸುಗ್ಗಿಯಲ್ಲಿ, ದೀಪ ಹಚ್ಚಿದ ಮೇಲೆ, ಹದಿನಾಲ್ಕು ಮಕ್ಕಳ ಮೇಲೆ ನಡೆಯುತ್ತಿದ್ದ ಹುಕುಂ ಒಂದೇ. ಅದು ಕೇರಿಯ ಸಾಬವ್ವನದು.

ಸಾಬವ್ವನಿಗೆ ಆಗ ನಲವತ್ತೈದರ ಆಸುಪಾಸು. ಗಂಡ ಜ್ವರದಲ್ಲಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಚಿಕ್ಕಂದಿನಿಂದ ಕಲ್ಲಿನ ಖಣಿಯಲ್ಲಿ ಚಪ್ಪಡಿ ಹೊತ್ತು ಹೊತ್ತು ತಲೆ ಮೇಲುಗಡೆ ಸಪಾಟಾಗಿದೆ, ಅದರ ಮೇಲೆ ರೊಟ್ಟಿ ಬಡಿಯಬಹುದು ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಈಗ ಕೌದಿ ಹೊಲಿಯುತ್ತಿದ್ದಳು. ಕೇರಿಯ ಅಂಚಿನಲ್ಲಿ ಯಾರೋ ಕಡಿಸಿ ಒಯ್ಯದೆ ಬಿಟ್ಟ ನಾಲ್ಕು ಅಗಲ ಚಪ್ಪಡಿಗಳಿದ್ದವು. ಸುಗ್ಗಿಯಲ್ಲಿ ತಾಯಂದಿರು ಹೊಲದಿಂದ ಬರುವುದು ಕತ್ತಲಾದ ಮೇಲೆ. ಅಷ್ಟರೊಳಗೆ ಕೇರಿಯ ಮಕ್ಕಳೆಲ್ಲ ಆ ಚಪ್ಪಡಿಗಳಿಗೆ ಹಾಸಿದ ಸಾಬವ್ವನ ಕೌದಿಗಳ ಮೇಲೆ ಮಲಗಿರುತ್ತಿದ್ದವು. ತಾಯಂದಿರು ಬಂದು ಕತ್ತಲಲ್ಲಿ ತಲೆ ಸವರಿ, ಇದು ನನ್ನದು, ಇದು ನಿನ್ನದು ಎಂದು ಕುಂಬಳಕಾಯಿ ಆರಿಸಿದಂತೆ ಆರಿಸಿಕೊಂಡು ಹೋಗುತ್ತಿದ್ದರು.

ಹದಿನಾಲ್ಕು ಮಕ್ಕಳನ್ನು ಹಾಗೆ ಕೆಡವಿದ ಶೂರ ಒಬ್ಬನಿದ್ದ. ಅವನ ಹೆಸರು ಹಲ್ಲಿರಾಯ.

ಓದಿದವರು ಅವನಿಗೆ ಡೈನೋಸಾರ್ ಅನ್ನುತ್ತಾರೆ. ಸಾಬವ್ವ ಓದಿದವಳಲ್ಲ. ಹನ್ನೆರಡು ವರ್ಷದ ಹಿಂದೆ ಹೈದರಾಬಾದಿನಿಂದ ಕಲ್ಲು ಪರೀಕ್ಷೆ ಮಾಡುವ ಸಾಹೇಬನೊಬ್ಬ ಬಂದು ಖಣಿಯ ಹತ್ತಿರ ಎರಡು ತಿಂಗಳು ಡೇರೆ ಹಾಕಿದ್ದ. ಡೇರೆಗೆ ನೀರು ಹೊರುವ ಕೆಲಸ ಸಾಬವ್ವನದು. ಒಂದು ದಿನ ಸಾಹೇಬನ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಅದರಲ್ಲೊಂದು ಚಿತ್ರ: ಆನೆಯಂಥ ಮೈ, ಹಲ್ಲಿಯಂಥ ಬಾಲ, ಕೊನೆಯೇ ಇಲ್ಲದ ಕುತ್ತಿಗೆ. ಸಾಹೇಬನ ಮಾತು ತಿಳಿಯುತ್ತಿದ್ದ ಅಡಿಗೆಯ ವಜೀರುನ್ನಿಸಾಳನ್ನು ನಡುವೆ ನಿಲ್ಲಿಸಿಕೊಂಡು ಸಾಬವ್ವ ಸಾಹೇಬನ ತನಿಖೆ ನಡೆಸಿದಳು.

"ಇದು ಏನು ತಿಂತದಂತ?"

"ಎಲೆ ತಿಂತಿತ್ತಂತ," ಎಂದಳು ವಜೀರುನ್ನಿಸಾ.

"ಯಾರಿಗಿ ಕಡೀತದಂತ?"

ಸಾಹೇಬ ನಕ್ಕ. ಯಾರನ್ನೂ ಕಡಿಯುತ್ತಿರಲಿಲ್ಲ, ಮನುಷ್ಯರು ಹುಟ್ಟುವ ಎಷ್ಟೋ ಮೊದಲೇ ಅವೆಲ್ಲ ತೀರಿಹೋದವು ಎಂದ. ಆಮೇಲೆ ಕಾಲ ಕೆಳಗಿನ ಚಪ್ಪಡಿಯನ್ನು ಬೂಟಿನಿಂದ ತಟ್ಟಿ, ಈ ಕಲ್ಲು ಆ ಪ್ರಾಣಿಗಿಂತಲೂ ಹಳೆಯದು ಎಂದ. ಕಲ್ಲಿನ ವಯಸ್ಸು ಸಾಬವ್ವನಿಗೆ ಅಷ್ಟು ಮುಖ್ಯವೆನಿಸಲಿಲ್ಲ. ಅಷ್ಟು ದೊಡ್ಡದಾಗಿಯೂ ಯಾರನ್ನೂ ಕಡಿಯದ ಪ್ರಾಣಿಯನ್ನು ಅವಳು ಕಂಡದ್ದು ಅದೇ ಮೊದಲು. ಅವಳ ಊರಿನಲ್ಲಿ ಗೇಣುದ್ದದವರೂ ಕಡಿಯುತ್ತಿದ್ದರು.

ಮಕ್ಕಳು ಒಂದೇ ವಯಸ್ಸಿನವಲ್ಲ, ಅದೇ ದೊಡ್ಡ ಕಸರತ್ತು. ಮೂರು ವರ್ಷದ ಅಂಬುಬಾಯಿ ಮಡಿಲಲ್ಲಿ. ಅವಳಿಗೆ ಹಲ್ಲಿರಾಯ ಆಕಳಿಸಿದರೆ ಸಾಕು. ಏಳೆಂಟು ವರ್ಷದವು ನಡುವೆ. ಅವಕ್ಕೆ ಲೆಕ್ಕ ಬೇಕು. ಬಾಲ ಎಷ್ಟುದ್ದ? ಸಾಲಾಗಿ ನಿಲ್ಲಿಸಿದ ಆರು ಬಂಡಿಯಷ್ಟು. ಕುತ್ತಿಗೆ? ಆರು ಬಂಡಿ, ಮೇಲೊಂದು ನೊಗ. ತಲೆಗೆ ನಿದ್ದೆ ಬಂದದ್ದು ಬಾಲಕ್ಕೆ ಗೊತ್ತಾಗುವುದು ಮರುದಿನ. ಕಡೆಯಲ್ಲಿ ಹದಿಮೂರರ ಶಿವರಾಯ, ಪರರ ಆಡು ಕಾಯುವವನು, ಮೀಸೆ ಬರುವ ಮೊದಲೇ ಅದನ್ನು ತಿರುವುತ್ತಿದ್ದವನು. ಅವನಿಗೆ ಯುದ್ಧ ಬೇಕು.

"ಒಂದ್ ಸಲಾರ ಯಾರಿಗ್ಯಾರ ಹೊಡೀಲಿ ಬೇ ಆಯಿ," ಎಂದು ಅವನು ದಿನಾ ಅರ್ಜಿ ಹಾಕುತ್ತಿದ್ದ.

"ಹಗಲೆಲ್ಲ ಬೈಸ್ಕೊಂಡು ಬಡಿಸ್ಕೊಂಡು ಬಂದೀದಿ. ಕತ್ಯಾಗೂ ಅದೇ ಬೇಕೇನ್ ಲೇ? ಸುಮ್ನ ಹೂಂ ಅನ್ನು."

ಹೂಂಗುಟ್ಟದೆ ಕತೆ ಮುಂದೆ ಹೋಗುವುದಿಲ್ಲ, ಅದು ಆ ಸೀಮೆಯ ಕಾಯಿದೆ. ಮೊದಲು ಮಡಿಲಿನ ಹೂಂ ನಿಲ್ಲುತ್ತಿತ್ತು, ಆಮೇಲೆ ನಡುವಿನವು ಒಂದೊಂದಾಗಿ, ಕೊನೆಗೆ ಶಿವರಾಯನದು. ಕೊನೆಯ ಹೂಂ ಆರಿದಲ್ಲಿಗೆ ಅವತ್ತಿನ ಕತೆಯೂ ಮುಗಿಯಿತು.

ಹಲ್ಲಿರಾಯನಿಗೆ ಒಂದು ಚಾಳಿ ಇತ್ತು. ಅಷ್ಟು ದೊಡ್ಡವನು ಎಲ್ಲರಿಗೂ ಬಹುವಚನ ಹಚ್ಚಿಯೇ ಮಾತಾಡುತ್ತಿದ್ದ. ಭೀಮಾ ನದಿಗೆ ನೀರು ಕುಡಿಯಲು ಬಂದರೆ, "ಮೀನಪ್ಪಾರೆ, ಜರಾ ಸರೀರಿ, ನನ್ನ ಬಾಯಾಗ ಬಂದೀರಿ," ಅನ್ನುತ್ತಿದ್ದ. ಕಾಲಿಡುವ ಮೊದಲು, "ಇರಿವೆವ್ವಾರೆ, ಏಳ್ರಿ," ಅನ್ನುತ್ತಿದ್ದ. ಕಪ್ಪೆಗೂ ರೀ, ಗೊದಮೊಟ್ಟೆಗೂ ರೀ.

ಅನಾಹುತ ಆದದ್ದು ಇಲ್ಲಿ. ಪಾಟೀಲನ ಆರು ವರ್ಷದ ಮಗಳು ಸುಭದ್ರಾ ದನದ ಕೊಟ್ಟಿಗೆಯ ಹಿಂಬಾಗಿಲಿಂದ ನುಸುಳಿ ಬಂದು ಚಪ್ಪಡಿಯ ಮೂಲೆಯಲ್ಲಿ ಕೂತು ಕತೆ ಕೇಳುತ್ತಿದ್ದಳು. ಒಂದು ಬೆಳಿಗ್ಗೆ, ಪಾಟೀಲನ ಮುಂದೆ ನಾಲ್ಕು ಊರಿನ ಹಿರಿಯರು ಕೂತಿದ್ದಾಗ, ಕೇರಿಯ ಹಲಗೆ ಬಾರಿಸುವ ಹುಲೆಪ್ಪ ಎಂದಿನಂತೆ ವಾಡೆಯ, ಅಂದರೆ ಪಾಟೀಲನ ದೊಡ್ಡ ಮನೆಯ, ಅಂಗಳದ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಸುಭದ್ರಾ ಓಡಿ ಬಂದಳು. "ಹುಲೆಪ್ಪಾರೆ, ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ, ಕೂಡ್ರಿ!" ಎಂದಳು.

ಹುಲೆಪ್ಪನಿಗೆ ನಲವತ್ತು ವರ್ಷದಲ್ಲಿ ಆ ಬಾಗಿಲಿನಿಂದ 'ಲೇ' ಬಿಟ್ಟು ಬೇರೇನೂ ಬಂದಿರಲಿಲ್ಲ. ಅವನ ಕೈಯಿಂದ ಚಪ್ಪಲಿ ಬಿತ್ತು. ಹಿರಿಯರು ಕೆಮ್ಮಿದರು. ಪಾಟೀಲನ ಕಿವಿ ಮೆಣಸಿನಕಾಯಿಯಾಯಿತು. ಎಲ್ಲಿ ಕಲಿತೆ ಎಂದು ಕೇಳಿದರೆ, ಸಾಬವ್ವನ ಕತೆಯ ಹಲ್ಲಿರಾಯ ಹೀಗೇ ಮಾತಾಡುತ್ತಾನೆ ಎಂದಳು ಸುಭದ್ರಾ.

ಮಗಳು ಹುಲೆಪ್ಪನಿಗೆ ರೀ ಅಂದಳೆಂದು ಡಂಗುರ ಹೊಡೆಸಲು ಬರುವುದಿಲ್ಲ. ಹೊಡೆಸಿದರೆ ಅಂದದ್ದು ಹತ್ತು ಊರಿಗೆ ಗೊತ್ತಾಗುತ್ತದೆ. ಪಾಟೀಲ ಬೇರೆ ನೆಪ ಹುಡುಕಿದ. ದೇವರು ಹುಟ್ಟುವ ಮೊದಲಿನ ಪ್ರಾಣಿ ಎಂದು ಸಾಬವ್ವ ಮಕ್ಕಳಿಗೆ ಸುಳ್ಳು ತುಂಬುತ್ತಾಳೆ ಎಂದ. ಅದೇ ಸಂಜೆ ಹುಲೆಪ್ಪನ ಹಲಗೆಯೇ ಕೇರಿಯಲ್ಲಿ ಮೊಳಗಿತು: "ದೀಪ ಹಚ್ಚಿದ ಮ್ಯಾಲ ಯಾರೂ ಕತಿ ಹೇಳಬಾರ್ದು! ಹೇಳಿದ್ರ ಚಪ್ಪಡಿಕಲ್ಲು ಒಡದು ಚಾವಡಿಗಿ ಹಾಸ್ತಾರ!"

ಆ ಸಂಜೆ ಸಾಬವ್ವ ಚಪ್ಪಡಿಯ ಮೇಲೆ ಬಾಯಿ ಮುಚ್ಚಿ ಕೂತಳು. ಮಕ್ಕಳು ಸುತ್ತ ಕೂತವು. ಯಾರೂ ಮಲಗಲಿಲ್ಲ. ಬಹಳ ಹೊತ್ತಾದ ಮೇಲೆ ಮಡಿಲಿನ ಅಂಬುಬಾಯಿ, ಕತೆಯನ್ನು ಎಲ್ಲೋ ಮರೆತಿದ್ದಾಳೆ, ನಾನೇ ಶುರು ಮಾಡಿಕೊಡುತ್ತೇನೆ ಅನ್ನುವಂತೆ, "ಹೂಂ," ಎಂದಳು. ಸ್ವಲ್ಪ ತಡೆದು ಮತ್ತೆ, "ಹೂಂ?"

ಮರುದಿನ ಮುಂಜಾನೆಯೇ ಸಾಬವ್ವ ಹುಲೆಪ್ಪನ ಬಾಗಿಲಲ್ಲಿ ನಿಂತಳು.

"ನಿನ್ನೆ ಏನ್ ಸಾರಿದಿ, ಮತ್ತೊಮ್ಮೆ ಹೇಳು."

"ದೀಪ ಹಚ್ಚಿದ ಮ್ಯಾಲ ಕತಿ ಹೇಳಬಾರ್ದು ಅಂತ."

"ಹಚ್ಚೂಕಿಂತ ಮೊದಲ?"

ಹುಲೆಪ್ಪ ತಲೆ ಕೆರೆದ. "ಅದು ನನಗ ಕೊಟ್ಟಿಲ್ಲ ಬೇ."

ಮಧ್ಯಾಹ್ನ ದಂಡು ಹೊರಟಿತು. ಮುಂದೆ ಸಾಬವ್ವ, ಸೊಂಟದ ಮೇಲೆ ಅಂಬುಬಾಯಿ, ಹಿಂದೆ ಕೌದಿ ಹೊತ್ತ ಹನ್ನೆರಡು ಪದಾತಿಗಳು, ಕೊನೆಗೆ ಶಿವರಾಯ, ಅವನ ಒಂಬತ್ತು ಆಡು. ಹದಿನಾಲ್ಕರ ಲೆಕ್ಕ ಹೀಗೆ ತುಂಬಿತು. ದಂಡು ಕೇರಿ ದಾಟಿ, ಚಾವಡಿ ದಾಟಿ, ಪಾಟೀಲನ ವಾಡೆಯ ಎದುರಿನ ರಸ್ತೆಯ ಬೇವಿನ ಮರದ ಕೆಳಗೆ ಬೀಡುಬಿಟ್ಟಿತು. ರಸ್ತೆ ಸರಕಾರದ್ದು, ನೆರಳು ಬೇವಿನದು. ಸಾಬವ್ವ ಖಣಿಯಲ್ಲಿ ಕೂಗಿ ಗಟ್ಟಿಯಾದ ಗಂಟಲು ಸರಿಮಾಡಿಕೊಂಡು, "ಒಂದೂರಾಗ ಹಲ್ಲಿರಾಯ ಅಂತ ಇದ್ದ," ಎಂದಳು.

"ಹೂಂ!" ಎಂಬ ಕೂಗು ಮರದ ಕೆಳಗಿಂದ ಎದ್ದಿತು. ಎಲ್ಲಕ್ಕಿಂತ ದೊಡ್ಡ ಹೂಂ ಬಂದದ್ದು ವಾಡೆಯ ಮಾಳಿಗೆಯ ಕಿಟಕಿಯಿಂದ, ಸುಭದ್ರಾಳ ಬಾಯಿಯಿಂದ.

ಊರು ನಡುಗಿತು. ಹಗಲು ಕತೆ ಹೇಳಿದರೆ, ಕೇಳಿ ಹೂಂ ಅಂದ ಮಕ್ಕಳ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ಅಲ್ಲಿನ ಪ್ರತಿ ಹೆಂಗಸಿಗೂ ಹಾಲಿನ ಜೊತೆ ಕುಡಿಸಿದ ನಂಬಿಕೆ. ಮೊದಲು ಮುತ್ತಿಗೆ ಹಾಕಿದವರು ಕೇರಿಯವರೇ. ಅಂಬುಬಾಯಿಯ ತಾಯಿ ಶರಣಬಸಮ್ಮ ಹೊಲದಿಂದ ಓಡಿ ಬಂದಳು. "ಎಕ್ಕಾ, ನನ್ನ ತಮ್ಮ ಸೊಲ್ಲಾಪುರದ ಗಿರಣ್ಯಾಗ ಅದಾನ ಬೇ! ನಾಳೆ ದಾರಿ ತಪ್ಪಿ ಎಲ್ಲಿಗ್ಯಾರ ಹ್ವಾದ್ರ?"

ಸಾಬವ್ವ ಸೂಜಿಗೆ ದಾರ ಪೋಣಿಸುತ್ತ ತೀರ್ಪು ಕೊಟ್ಟಳು: "ಕತಿ ನನ್ನದು, ಹಗಲು ಪಾಟೀಲ್ರದು. ಹಗಲು ಹೇಳಹಂಗ ಮಾಡಿದೋರು ಯಾರೋ ಅವರ ಮನಿ ಮಾವಗೇ ತಟ್ಟತದ."

ಈ ನ್ಯಾಯ ಕೇರಿಗೆ ಒಪ್ಪಿಗೆಯಾಯಿತು, ಸಂಜೆಯೊಳಗೆ ವಾಡೆಯ ಒಳಗೂ ಹೋಯಿತು. ವಾಡೆಯಲ್ಲಿ ಪಾಟೀಲನ ಹೆಂಡತಿ ಸುಂದರಬಾಯಿಗೆ ಒಬ್ಬನೇ ತಮ್ಮ, ಹವಳಗಾದ ದೇವೀಂದ್ರಪ್ಪ. ಅವನು ಭಾನುವಾರ ಬಂಡಿ ಕಟ್ಟಿ, ಚೌಡಾಪುರದ ಮೇಲೆ ಹಾದು, ಹೊಳೆ ದಾಟಿ, ಸೋಮವಾರಕ್ಕೆ ಅಕ್ಕನ ಮನೆಗೆ ಬರುವವನಿದ್ದ. ಸಾಬವ್ವನ ಹಗಲು ಕತೆ ಶುರುವಾದದ್ದು ಶುಕ್ರವಾರ.

ಸೋಮವಾರ ದೇವೀಂದ್ರಪ್ಪ ಬರಲಿಲ್ಲ. ಮಂಗಳವಾರ ಬರಲಿಲ್ಲ. ಬೇವಿನ ಕೆಳಗೆ ಹಲ್ಲಿರಾಯ ಮಾತ್ರ ದಿನಾ ಬಂದು, ಕಪ್ಪೆಗಳಿಗೆ ನಮಸ್ಕಾರ ಮಾಡಿ, ಆಕಳಿಸಿ ಮಲಗುತ್ತಿದ್ದ.

ಬುಧವಾರ ಹೊತ್ತು ಇಳಿಯುವಾಗ ಸುಂದರಬಾಯಿ ತಾನೇ ಕೇರಿಯ ಅಂಚಿಗೆ ಬಂದು ಚಪ್ಪಡಿಗಳಿಂದ ನಾಲ್ಕು ಮಾರು ದೂರ ನಿಂತಳು. ಸೆರಗು ಬಾಯಿಗೆ ಒತ್ತಿದ್ದಳು. "ಸಾಬವ್ವ, ಅವರಿಗಿ ಹೇಳೀನಿ. ರಾತ್ರಿ ಕತಿ ಹೇಳು ಅಂತಾರ. ಒಂದೇ ಮಾತು ಬದಲು ಮಾಡ್ಬೇಕಂತ."

"ಏನ್ ಮಾತ್ರಿ ಯವ್ವಾ?"

"ಆ ನಿನ್ನ ಪ್ರಾಣಿ ಜರಾ ಗತ್ತಿಲೆ ಮಾತಾಡ್ಲಿ ಅಂತ. ಕಪ್ಪಿಗಿ, ಇರಿವಿಗಿ... ಲೇ ಅನ್ಲಿ ಅಂತ. ಇಷ್ಟೇ."

ಸಾಬವ್ವ ಸೂಜಿ ಕೆಳಗಿಟ್ಟಳು. ಈ ನಂಬಿಕೆ ಸುಳ್ಳೆಂದು ಅವಳಿಗೂ ಖಾತ್ರಿ ಇರಲಿಲ್ಲ. ತನಗೆ ಹೂಂ ಅನ್ನುವ ಮಕ್ಕಳಿಲ್ಲದಿದ್ದರೂ, ಸೊಲ್ಲಾಪುರದಲ್ಲೇ ಇದ್ದ ಸ್ವಂತ ತಮ್ಮ ಅಂಬಾರಾಯನಿಗೂ ತಟ್ಟೀತೇ ಎಂಬ ಅಳುಕಿತ್ತು. ಮಂಗಳವಾರ ರಾತ್ರಿ, ಎಲ್ಲೋ ಹೊಳೆಯ ಮಡುವಿನಲ್ಲಿ ದೇವೀಂದ್ರಪ್ಪನ ಬಂಡಿಯ ಗಾಲಿ ತೇಲುವುದು ಕಣ್ಣಿಗೆ ಕಟ್ಟಿ ಅವಳು ನಿದ್ದೆಗೆಟ್ಟಿದ್ದಳು. ಈಗ ಹೂಂ ಅಂದುಬಿಟ್ಟರೆ ಎಲ್ಲ ಮುಗಿಯುತ್ತದೆ: ಕಲ್ಲು ಉಳಿಯುತ್ತದೆ, ಮಕ್ಕಳು ಮಲಗುತ್ತವೆ. ಆದರೆ ಮಲಗುವ ಹೊತ್ತಿನಲ್ಲೂ ಹದಿನಾಲ್ಕು ಮಕ್ಕಳ ಕಿವಿಗೆ ಅದೇ 'ಲೇ' ಬೀಳಬೇಕು.

"ಯವ್ವಾರೆ, ನಿಮ್ಮ ತಮ್ಮ ಸುಖದಿಂದ ಬರ್ಲಿ ಅಂತ ನಾನೂ ಬೇಡ್ಕೋತೇನಿ, ಖರೇನೇ. ಆದ್ರ ಹಲ್ಲಿರಾಯ ಲೇ ಅನ್ನಂಗಿಲ್ರಿ. ಅಂವ ಅಷ್ಟು ದೊಡ್ಡಾಂವ. ಅಷ್ಟು ದೊಡ್ಡಾಂವಗ ಲೇ ಅನ್ನೋ ಜರೂರತ್ ಇರಂಗಿಲ್ಲ."

ಸುಂದರಬಾಯಿ ಸಿಟ್ಟಾಗುತ್ತಾಳೆ ಎಂದು ಸಾಬವ್ವ ಅಂದುಕೊಂಡಿದ್ದಳು. ಸುಂದರಬಾಯಿ ಸಿಟ್ಟಾದಳು ಕೂಡ, ಆದರೆ ಆ ಸಿಟ್ಟನ್ನು ಹಾಗೇ ಜೋಪಾನವಾಗಿ ಮನೆಗೆ ಒಯ್ದಳು. ಅವತ್ತು ರಾತ್ರಿ ವಾಡೆಯ ಒಲೆಯಿಂದ ಹೊಗೆ ಏಳಲಿಲ್ಲ. ಮರುದಿನ ಬೆಳಿಗ್ಗೆಯೂ ಏಳಲಿಲ್ಲ.

ಗುರುವಾರ ಮಧ್ಯಾಹ್ನ, ಎರಡು ಹೊತ್ತು ಉಪವಾಸ ಬಿದ್ದ ಪಾಟೀಲ ರುಮಾಲು ಸುತ್ತಿ, ಬೆತ್ತ ಹಿಡಿದು, ಬೇವಿನ ಮರದ ಮೇಲೆ ದಂಡೆತ್ತಿ ಬಂದ. ನೋಡಲು ಊರ ಗಂಡಸರು ಹೆಂಗಸರು ನೆರೆದರು. "ಏಳಬೇ! ಹುಕುಂ ಕೇಳ್ಸಿಲ್ಲೇನು?"

ಸಾಬವ್ವ ಎದ್ದು ನಿಂತು ಕೈಮುಗಿದಳು, ತಲೆಯೆತ್ತಿ ಸೂರ್ಯನನ್ನು ನೋಡಿದಳು. "ಕೇಳ್ಸ್ಯಾದ್ರಿ ಯಪ್ಪಾ. ಅದು ದೀಪ ಏನ್ರಿ ಮತ್ತ? ಯಾರು ಹಚ್ಯಾರ್ರಿ?"

ಶಿವರಾಯ ಕಿಸಕ್ಕನೆ ನಕ್ಕ. ಪಾಟೀಲ ಬೆತ್ತ ಎತ್ತಿದ. ಸಾಬವ್ವ ಹಿಂದೆ ಸರಿಯಲಿಲ್ಲ. ಮತ್ತೆ ಕೂತು, ಅಂಬುಬಾಯಿಯನ್ನು ಮಡಿಲಿಗೆಳೆದುಕೊಂಡು, "ಹಲ್ಲಿರಾಯಗ ನಿದ್ದಿ ಬಂತು," ಎಂದಳು. "ಹೂಂ," ಎಂದವು ಮಕ್ಕಳು, ಒಂದೂ ತಪ್ಪದೆ, ಎತ್ತಿದ ಬೆತ್ತವನ್ನೇ ನೋಡುತ್ತ.

ಆಗ ಎತ್ತಿನ ಗೆಜ್ಜೆ ಕೇಳಿತು. ಎಲ್ಲರೂ ಹೊಳೆಯ ಕಡೆ ತಿರುಗಿದರು. ಹೊಳೆಯ ಕಡೆ ಏನೂ ಇರಲಿಲ್ಲ. ಬಂಡಿ ಬಂದದ್ದು ಬೆನ್ನ ಹಿಂದಿನಿಂದ, ಅಂದೋಲಾದ ದಾರಿಯಿಂದ. ಅದರ ಮೇಲೆ, ಮೈತುಂಬ ಧೂಳು, ಹಣೆತುಂಬ ವಿಭೂತಿ, ಮೊದಲಿಗಿಂತ ಕೊಂಚ ದುಂಡಗಾದ ದೇವೀಂದ್ರಪ್ಪ ಕೂತಿದ್ದ.

"ಏನ್ರಿ ಮಾವ, ಇಡೀ ಊರೇ ನಿಂತದ ನನ್ನ ಸಲುವಾಗಿ!" ಎಂದ ಅವನು, ಭಾವನಿಗೆ.

"ಆ ಕಡಿಂದ ಯಾಕ ಬಂದಿ?" ಎಂದ ಪಾಟೀಲ, ಬೆತ್ತ ಎತ್ತಿಕೊಂಡೇ.

"ಹೊಳಿ ದಾಟಿದ್ದು ನೆನಪದ್ರಿ. ಮಟಮಟ ಮಧ್ಯಾಹ್ನ, ಒಮ್ಮಿಂದೊಮ್ಮೆ ಹಿಂಥಾ ನಿದ್ದಿ ಬಂತು, ಎಂದೂ ಬಂದಿಲ್ಲ. ಎತ್ತು ಯಾರ್ದೋ ಬಂಡಿ ಹಿಂದ ಹೋಗ್ಯಾವ. ಎದ್ದು ನೋಡಿದ್ರ ಅಂದೋಲಾ! ಹೆಂಗೂ ಹೋಗೀನಲ್ಲ ಅಂತ ಮಠದಾಗ ಎರಡು ದಿನ ಪ್ರಸಾದ ಮಾಡಿ ಬಂದೆ."

ಹಗಲು ಕತೆಯ ಹೊತ್ತಿಗೇ, ಎಂದೂ ಬಾರದ ನಿದ್ದೆ! ಹೆಂಗಸರ ಗುಂಪು ಒಟ್ಟಿಗೆ ಉಸಿರೆಳೆದುಕೊಂಡಿತು. ಸಾಬವ್ವನ ಬೆನ್ನಿನ ಮೇಲೂ ಒಂದು ಇರುವೆ ಹರಿದಂತಾಯಿತು. ಮುಖದ ಮೇಲೆ ಮಾತ್ರ ಏನೂ ಹರಿಯಗೊಡಲಿಲ್ಲ. ವಾಡೆಯ ಬಾಗಿಲಲ್ಲಿ ಸುಂದರಬಾಯಿ ತಮ್ಮನನ್ನು ಒಮ್ಮೆ ನೋಡಿದಳು, ಗಂಡನನ್ನು ಬಹಳ ಹೊತ್ತು ನೋಡಿದಳು. ಬೆತ್ತ ತಾನಾಗಿಯೇ ಕೆಳಗಿಳಿಯಿತು.

ಸಂಜೆ, ದೀಪ ಹಚ್ಚುವ ಹೊತ್ತಿಗೆ, ಚಪ್ಪಡಿಗಳ ಮೇಲೆ ಕೌದಿ ಹಾಸಿತ್ತು. ಹಿಂಬಾಗಿಲಿಂದ ಸುಭದ್ರಾ ಬಂದಳು. ಈ ಸಲ ಕೈಹಿಡಿದು ಬಿಟ್ಟುಹೋದವಳು ಅವಳ ತಾಯಿಯೇ. ಹಲಗೆ ಬಾರಿಸುತ್ತ ಹುಲೆಪ್ಪ ಬಂದ. ಜನ್ಮದಲ್ಲಿ ಅಷ್ಟು ಹುರುಪಿನಿಂದ ಬಾರಿಸಿರಲಿಲ್ಲ. "ಕೇಳ್ರೆಪ್ಪೋ ಕೇಳ್ರಿ! ದೀಪ ಹಚ್ಚಿದ ಮ್ಯಾಲ ಯಾರು ಯಾವ ಕತಿ ಬೇಕಾದ್ರೂ ಹೇಳ್ಬಹುದು! ಹಗಲು ಮಾತ್ರ ಯಾರೂ ಹೇಳಬಾರ್ದು! ಪಾಟೀಲ್ರ ಹುಕುಂ!"

ಸಾರಿ ಮುಗಿಸಿ, ಬೆವರು ಒರಸಿಕೊಂಡು ಸಾಬವ್ವನ ಮುಂದೆ ನಿಂತ. "ಏನ್ ಹೇಳ್ಲಿ ಬೇ ಪಾಟೀಲ್ರಿಗಿ? ಒಪ್ಪಿದಿ ಅಂತ ಹೇಳ್ಲಿ?"

ಸಾಬವ್ವ ಅಂಬುಬಾಯಿಯ ಕಾಲಿಗೆ ಕೌದಿ ಹೊದಿಸಿದಳು.

"ರಾತ್ರಿ ನಾ ಹೆಂಗೂ ಹೇಳಾಕಿನೇ ಇದ್ದೆ, ಅದಕ ಅವರ ಪರವಾನಗಿ ಯಾಕ ಅಂತ ಕೇಳು. ಹಗಲಿಂದು ನಾಳೆ ನೋಡ್ತೇನಿ ಅಂತ ಹೇಳು."