ಮುಗಿದ ಮನೆಯ ಮುಂದೆ ಪಾಲಕಿ

ಅಕ್ಕನ ಮನೆಗೆ ಹೋಗಿ ಬಂದಾಗಲೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು: "ಭಾಳ ಸೊರಗ್ಯಾಳ." ಅಕ್ಕ ಸೊರಗಿರುತ್ತಿರಲಿಲ್ಲ. ಹಾಗೆಂದು ನಾನು ವಾದಿಸುತ್ತಿದ್ದೆ.

ಅಕ್ಕನನ್ನು ಕೊಟ್ಟಿದ್ದು ಕನ್ನಡ-ಮರಾಠಿ ಬೆರೆತ ಸೀಮೆಯ ಸಾಸ್ತೂರದ ಹತ್ತಿರದ ಒಂದು ಹಳ್ಳಿಗೆ. ಕುರಿ, ಹೊಲ ಎರಡೂ ಇದ್ದ ಮನೆ. ತೊಂಬತ್ತಮೂರರಲ್ಲಿ ಭೂಕಂಪವಾದಾಗ ಆ ಮನೆಯಲ್ಲಿ ಮಲಗಿದ್ದವರಲ್ಲಿ ಅಕ್ಕನೂ ಸೇರಿ ಯಾರೂ ಏಳಲಿಲ್ಲ. ಉಳಿದವರಿಗೆ ದಿಬ್ಬದ ಮೇಲೆ ಹೊಸ ಊರು ಕಟ್ಟಿಕೊಟ್ಟರು. ಹಳೆಯದು ಕೆಳಗೆ, ಅಲ್ಲಿಯವರು ಧರಣ ಎನ್ನುವ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ, ಜಾಲಿ ಬೆಳೆದು ಹಾಗೇ ಉಳಿಯಿತು. ಅವ್ವ ಆಮೇಲೆ ಆ ಕಡೆ ಹೋಗಿರಲಿಲ್ಲ.

ಕಳೆದ ಚಳಿಗಾಲ ಉದಗೀರದ ಕೆಲವು ಕಾಲೇಜು ಶಿಕ್ಷಕರು ಆ ಭಾಗದ ಊರವರ ಜೊತೆ ಸೇರಿ ಹಿನ್ನೀರಿನ ದಂಡೆಗುಂಟ 'ವಾರಸಾ ಫೇರಿ' ಇಟ್ಟುಕೊಂಡರು. ಈ ಸೀಮೆಯ ಕಲೆ, ಕಸುಬು, ಹಾಡುಗಳನ್ನು ನೋಡುತ್ತ ಕೇಳುತ್ತ ಸಾಗುವ ನಡಿಗೆ. ಬ್ಯಾನರು ಮರಾಠಿಯಲ್ಲಿ, ಡೊಳ್ಳಿನ ಪದ ಕನ್ನಡದಲ್ಲಿ. ದಾರಿಯಲ್ಲಿ ಕಂಬಳಿ ನೇಯುವವರು ಮಗ್ಗ ಹೂಡಿದ್ದರು, ಹೆಂಗಸರು ಕೌದಿ ಹರವಿದ್ದರು. ಎಲ್ಲಕ್ಕೂ ಮುಂದೆ ಬೀರಪ್ಪ ದೇವರ ಪಲ್ಲಕ್ಕಿ, ಇಲ್ಲಿಯವರ ಬಾಯಲ್ಲಿ ಪಾಲಕಿ. ನಾನು ಪತ್ರಿಕೆಯ ವರದಿಗೆಂದು ಹೊರಟಿದ್ದೆ.

"ಪಾಲಕಿ ಹಳೇ ಊರಾಗಿಂದ ಹೋಗ್ತದೇನ?" ಎಂದು ಹಿಂದಿನ ದಿನ ಅವ್ವ ಕೇಳಿದಳು. ಹೋಗುತ್ತದೆ ಎಂದೆ. ಬೆಳಿಗ್ಗೆ ನೋಡಿದರೆ ತಾಮ್ರದ ಕೊಡ ತುಂಬಿಕೊಂಡು ನನಗಿಂತ ಮೊದಲೇ ಜೀಪಿನಲ್ಲಿ ಕೂತಿದ್ದಳು.

ಆ ಪಾಲಕಿಗೆ ಒಂದು ಪದ್ಧತಿ ಇದೆ. ಹಳೇ ಊರಿನಲ್ಲಿ ಈಗ ಮನೆಗಳಿಲ್ಲ. ಆದರೂ ಬಾಗಿಲುಗಳಿದ್ದ ಜಾಗದಲ್ಲಿ ಅದು ನಿಲ್ಲುತ್ತದೆ. ಆ ಮನೆಯ ಹೆಂಗಸು ಹೊಸ ಊರಿನಿಂದ ಇಳಿದು ಬಂದು, ಬರೀ ಬಯಲಿನಲ್ಲಿ, ಒಳಗಿನಿಂದ ಬಂದವಳಂತೆ ನಿಂತು ಪಾಲಕಿ ಹೊತ್ತವರ ಕಾಲಿಗೆ ನೀರು ಹಾಕುತ್ತಾಳೆ. ನೀರು ಹಾಕಲು ಯಾರೂ ಉಳಿಯದ ಮನೆಯ ಮುಂದೆ ಪಾಲಕಿ ನಿಲ್ಲುವುದಿಲ್ಲ. ಅದಕ್ಕೆ 'ಮುಗದ ಮನಿ' ಎನ್ನುತ್ತಾರೆ. ಅಕ್ಕನದು ಮುಗಿದ ಮನೆ. ಅಲ್ಲಿ ಒಮ್ಮೆ ಪಾಲಕಿ ನಿಲ್ಲಬೇಕು, ಅವ್ವನಿಗೆ ಬೇಕಾಗಿದ್ದುದು ಅಷ್ಟೇ.

ಡೊಳ್ಳಿನ ಮೇಳದ ಹಿರಿಯನೊಬ್ಬ ಅವ್ವನ ಗುರುತು ಹಿಡಿದ. ಅಕ್ಕನ ಗಂಡನ ಮನೆಯ ಓಣಿಯವನೇ.

"ಬೀಗತಿ, ಕೊಡ ಯಾಕ್ರಿ? ನಮ್ಮೂರಾಗ ನೀರಿಲ್ಲಂತ ಅಂದ್ಕೊಂಡೀರೇನು? ಎದುರಿಗಿ ಧರಣ ತುಂಬ್ಯಾದ."

"ನಿಮ್ಮೂರ ಬಲ್ಲೆ ತೊಗೋರಿ. ಬೀಗರಿಗಿ ಚಹಾ ಸುದ್ದಾ ಸಕ್ರಿ ಇಲ್ದೆ ಕೊಟ್ಟ ಊರು."

ಮೇಳದವರು ನಕ್ಕರು. ಆತ ನಗಲಿಲ್ಲ. ಕೊಡ ಯಾಕೆಂದು ಅವನಿಗೆ ಹೊಳೆದಿತ್ತು. "ಆದ್ರ ಬೀಗತಿ, ನೀರು ಆ ಮನೀ ಸೊಸಿನೇ ಹಾಕಬೇಕು. ಹೆಣ್ಣು ಕೊಟ್ಟವರು ಹಾಕೋ ಹಂಗಿಲ್ರಿ."

"ನಾ ಹಾಕ್ತೀನಂತ ಯಾರಂದ್ರು? ಆಕಿಗಿ ಕೊಡ್ಲಿಕ್ಕ ತಂದೀನಿ."

ಆತ ಡೊಳ್ಳಿನ ಹಗ್ಗ ಬಿಗಿದುಕೊಂಡು ಮುಂದೆ ಹೋದ.

ಹಳೇ ಊರಿನಲ್ಲಿ ಪಾಲಕಿ ಬಾಗಿಲಿಂದ ಬಾಗಿಲಿಗೆ ಸಾಗಿತು. ನಿಂತಲ್ಲೆಲ್ಲ ನೀರು ಬಿತ್ತು. ಅಕ್ಕನ ಮನೆಯದು ಈಗ ಒಂದು ಕರಿಕಲ್ಲಿನ ಹೊಸ್ತಿಲು, ಅದರ ಹಿಂದೆ ಜಾಲಿ. ಪಾಲಕಿ ಅದನ್ನು ದಾಟುವುದರಲ್ಲಿತ್ತು. ಅವ್ವ ಕೊಡವನ್ನು ಹೊಸ್ತಿಲ ಒಳಗಡೆ ಇಟ್ಟು, ಹೊರಗೆ ಬಂದು, ತಲೆಯ ಮೇಲೆ ಸೆರಗು ಹೊದ್ದು ಕೂಗಿದಳು.

"ಯವ್ವಾ, ದೇವ್ರು ಬಂದಾನ. ನೀರು ತೊಗೊಂಡು ಬಾ."

ಡೊಳ್ಳು ನಿಂತಿತು. ಹೊತ್ತವರು ಹಿರಿಯನ ಮುಖ ನೋಡಿದರು. ಆತ ಕೋಲು ಎತ್ತಿ ತೋರಿಸಿದ. ಪಾಲಕಿ ತಿರುಗಿ ಹೊಸ್ತಿಲಿಗೆ ಮುಖ ಮಾಡಿ ನಿಂತಿತು.

ಯಾರೂ ಬರಲಿಲ್ಲ. ಮೊಬೈಲು ಎತ್ತಿ ಹಿಡಿದಿದ್ದವರು ಕೆಳಗಿಳಿಸಿದರು. ಹಿನ್ನೀರಿನ ಕಡೆಯಿಂದ ಗಾಳಿ ಬಂದು ಜಾಲಿ ಅಲ್ಲಾಡಿತು.

"ಮಾವಶಿ, ಉಶೀರ ಹೋತೋಯ್," ಎಂದರು ಒಬ್ಬ ಶಿಕ್ಷಕರು. ಹೊತ್ತಾಗುತ್ತಿದ್ದುದು ನಿಜ.

"ತಡೀರಿ ಸಾಹೇಬ್ರ. ಆಕಿ ನಡಗಿ ಮೊದಲಿಂದನೂ ಸಾವಕಾಶ. ಹಿತ್ತಲದಿಂದ ಬರಬೇಕು."

ಆ ಹಿರಿಯ, ಜಾಲಿಯ ಕಡೆಯೇ ನೋಡುತ್ತ, ಹೇಳಿದ: "ಬೀಗತಿ, ಮಗಳಿಗಿ ಜರಾ ಜಲ್ದಿ ಬಾ ಅನ್ರಿ. ಹುಡುಗುರ ಹೆಗಲು ನೋಯ್ಲಕತ್ತಾವ."

"ಬಾ ಯವ್ವಾ," ಎಂದಳು ಅವ್ವ, ಈಗ ಮೆಲ್ಲಗೆ.

ಮುಂದಿನ ಇಬ್ಬರು ಹೊತ್ತವರು, ಯಾರೂ ಹೇಳದಿದ್ದರೂ, ಹಿಂದೆ ಸರಿದರು. ತುಂಬಿದ ಕೊಡ ಹಿಡಿದು ಎದುರಿಗೆ ಯಾರಾದರೂ ಬಂದರೆ ಹೀಗೇ ಸರಿಯುತ್ತೇವೆ. ಹೆಂಗಸರು ಸೆರಗು ಎಳೆದುಕೊಂಡರು. ನಾನು ಅದೇ ಜಾಗ ನೋಡುತ್ತಿದ್ದೆ. ಕಲ್ಲು, ಜಾಲಿ, ಕೊಡ.

"ಬಂದ್ಲು," ಎಂದಳು ಅವ್ವ.

ಹಿರಿಯ ಬಗ್ಗಿ ಹೊತ್ತವರ ಕಾಲು ನೋಡಿದ. ನಾನೂ ನೋಡಿದೆ. ಒಣಗಿದ್ದವು. ಹಿಂದಿನ ಬಾಗಿಲಲ್ಲಿ ನೆನೆದದ್ದೂ ಆರಿ, ಬೆರಳುಗಳ ಮೇಲೆ ಭಂಡಾರ ಮತ್ತು ಧೂಳು.

"ಹೂಂ, ಆತು. ನಡೀರಿ," ಎಂದ. ಡೊಳ್ಳು ಮತ್ತೆ ಎದ್ದಿತು.

ಸಂಜೆ ಅಲ್ಲಿಂದಲೇ ವರದಿ ಕಳಿಸಿದೆ. ದಾರಿ, ಮೇಳಗಳು, ಬಂದ ಜನ. ಈ ಬಾಗಿಲಿನ ವಿಷಯ ಅದರಲ್ಲಿ ಇಲ್ಲ. ಕಂಡದ್ದನ್ನು ಬರೆಯುವುದು ನನ್ನ ಕೆಲಸ, ಅಲ್ಲಿ ಕಂಡದ್ದು ಕಲ್ಲು, ಜಾಲಿ, ಕೊಡ, ಇಷ್ಟೇ.

ಮನೆಗೆ ಮರಳುವ ಜೀಪು ನಿಲಂಗಾ ದಾಟಿತು. ಅವ್ವ ಕೊಡ ಅಲ್ಲೇ ಬಿಟ್ಟು ಬಂದಿದ್ದಳು. ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಶಿರೂರ ಅನಂತಪಾಳದ ದೀಪಗಳು ಕಾಣುವಾಗ ಕಿಟಕಿಯ ಕಡೆ ತಿರುಗಿ ಹೇಳಿದಳು:

"ಭಾಳ ಸೊರಗ್ಯಾಳ."

ನಾನು ವಾದಿಸಲಿಲ್ಲ.