ಕುರಿಮರಿಯ ಕೋಟು

ನನ್ನ ಬಾಯಿಂದ ಹೊರಡಲು ತುಂಬ ಕಷ್ಟಪಡುವ ಮಾತೊಂದಿದೆ: 'ನನಗೆ ಗೊತ್ತಿಲ್ಲ.' ಇದು ಮಾಸ್ತರಿಕೆಯ ಜೊತೆಗೆ ಅಂಟಿಕೊಳ್ಳುವ ರೋಗವೆಂದು ಕಾಣುತ್ತದೆ. ಒಮ್ಮೆ ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಮುದುಕರೊಬ್ಬರು ಕಣಗಲಾಕ್ಕೆ ಹೋಗುವ ಬಸ್ಸು ಯಾವುದೆಂದು ನನ್ನನ್ನು ಕೇಳಿದರು. ನಾನು ಆ ಊರಿಗೆ ಹೊಸಬ. ಆದರೂ ಎದುರಿಗೆ ನಿಂತಿದ್ದ ಬಸ್ಸನ್ನು ಎಷ್ಟು ಖಚಿತವಾಗಿ ತೋರಿಸಿದೆನೆಂದರೆ, ಅವರು ಕೈಮುಗಿದು ಹತ್ತಿದರು. ಬಸ್ಸು ಇನ್ನೇನು ಹೊರಡಬೇಕು, ಆಗ ಕಂಡಕ್ಟರ 'ಗೋಕಾಕ, ಗೋಕಾಕ' ಎಂದು ಕೂಗಿದ. ನಾನು ಹೋಗಬೇಕಾದದ್ದೂ ಗೋಕಾಕಕ್ಕೇ. ಮುದುಕರು ಗಡಬಡಿಸಿ ಇಳಿಯುವಾಗ ನಾನು ಹತ್ತುತ್ತಿದ್ದೆ. ಬಾಗಿಲಲ್ಲಿ ಇಬ್ಬರ ಮುಖಗಳೂ ಒಂದು ಗೇಣು ಅಂತರದಲ್ಲಿ ಎದುರಾದವು. ಆ ನೋಟ ಇನ್ನೂ ನೆನಪಿದೆ.

ಈ ರೋಗ ನನಗೊಬ್ಬನಿಗೇ ಅಲ್ಲವೆಂಬುದೊಂದು ಸಮಾಧಾನ. ನಮ್ಮ ಹಳೆಯ ಟೀಕಾಕಾರರಲ್ಲಿ ಕೆಲವರು ಸುಲಭವಾದ ಶ್ಲೋಕಕ್ಕೆ ಎರಡು ಪುಟ ವ್ಯಾಖ್ಯಾನ ಬರೆಯುತ್ತಾರೆ. ನಿಜವಾಗಿ ಕಠಿಣವಾದದ್ದು ಬಂತೋ, 'ಸ್ಪಷ್ಟಂ' ಎಂದು ಒಂದೇ ಮಾತು ಬರೆದು ಮುಂದಕ್ಕೆ ಸಾಗುತ್ತಾರೆ. ಅವರನ್ನು ಓದುವಾಗ ನನಗೆ ಒಡಹುಟ್ಟಿದವರನ್ನು ಕಂಡಷ್ಟು ಸಂತೋಷವಾಗುತ್ತದೆ.

ಇಂಥ ನನ್ನ ಪಾಲಿಗೆ ಬಂದದ್ದು ಅಂತರರಾಷ್ಟ್ರೀಯ ಮಕ್ಕಳ ಚಿತ್ರೋತ್ಸವ. ನಾಡು ಒಂದಾದ ಹೊಸತು. ಎಲ್ಲಿಂದಲೋ ಹೊರಟ ಫಿಲ್ಮಿನ ಡಬ್ಬಿಗಳು ಊರೂರು ತಿರುಗಿ ಗೋಕಾಕದ ಟಾಕೀಸಿಗೂ ಬಂದವು. ಮೂರು ದಿನ, ಬೆಳಿಗ್ಗೆಯ ಆಟ, ಮಕ್ಕಳು ಮನೆಯವರನ್ನೂ ಕರೆತರಬಹುದು. ಹೆಡ್‌ಮಾಸ್ತರರು ನನ್ನನ್ನು ಕರೆದು ಹೇಳಿದರು: "ಮಾಸ್ತರ, ನಮ್ಮ ಸಾಲ್ಯಾಗ ಇಂಗ್ಲಿಷ್ ಕಲಿಸಾವ್ರು ನೀವ ಅದೀರಿ. ಪರದೆ ಬಾಜೂ ನಿಂತು ಕನ್ನಡದಾಗ ಕತಿ ತಿಳಿಸಿ ಹೇಳ್ರಿ." ಆ ಚಿತ್ರಗಳಿಗೂ ಇಂಗ್ಲಿಷಿಗೂ ಸಂಬಂಧವೇ ಇರಲಿಲ್ಲ. ಕಥೆಯ ಸಾರಾಂಶ ಬರೆದ ಹಾಳೆಗಳು ದಾರಿಯಲ್ಲೆಲ್ಲೋ ಕಳೆದಿದ್ದವು. 'ನನಗೆ ಆ ಭಾಷೆಗಳು ಬರುವುದಿಲ್ಲ' ಎನ್ನಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು "ಅದಕ್ಕೇನ್ರಿ, ಹೇಳೋಣ" ಎಂದುಬಿಟ್ಟೆ.

ಆಗ ನಾಲ್ಕನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಕಸ್ತೂರಿ ಮರುದಿನವೇ ಇಡೀ ವರ್ಗಕ್ಕೆ ಸಾರಿದಳು: "ನಮ್ಮಪ್ಪಗ ಏಳು ದೇಶದ ಮಾತು ಬರ್ತಾವ." ಏಳು ಎಂಬ ಸಂಖ್ಯೆ ಎಲ್ಲಿಂದ ಬಂತೋ ತಿಳಿಯದು. ಕನಿಷ್ಠ ಮೂರೋ ನಾಲ್ಕೋ ಎಂದು ಇಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಅವಳ ಕಣ್ಣಲ್ಲಿ ನಾನು ಇದ್ದದ್ದಕ್ಕಿಂತ ಒಂದು ಮೊಳ ಎತ್ತರವಾಗಿ ಕಾಣುತ್ತಿದ್ದೆ. ಆ ಎತ್ತರ ನನಗೆ ತುಂಬ ಇಷ್ಟವಾಗಿತ್ತು, ಅದನ್ನು ಕಳೆದುಕೊಳ್ಳುವ ಭಯವೂ ಅಷ್ಟೇ ಇತ್ತು.

ಮೊದಲ ದಿನ ಗೆದ್ದೆ. ತೆರೆಯ ಮೇಲೆ ಇಬ್ಬರು ಹುಡುಗರು ಒಂದು ಕತ್ತೆಯನ್ನು ಹುಡುಕಿಕೊಂಡು ಅಲೆದರು. ಅವರನ್ನು ಅಣ್ಣತಮ್ಮಂದಿರೆಂದೆ, ಕತ್ತೆಗೆ ಒಂದು ಹೆಸರನ್ನೂ ಇಟ್ಟೆ. ಯಾರೂ ತಕರಾರು ಮಾಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಕಸ್ತೂರಿ ತೆರೆಗಿಂತ ನನ್ನನ್ನೇ ಹೆಚ್ಚು ನೋಡಿದಳು. ಅಂದು ಮನೆಗೆ ನಡೆದು ಬಂದೆನೋ ತೇಲಿ ಬಂದೆನೋ ಹೇಳಲಾರೆ.

ಎರಡನೆಯ ದಿನದ್ದು ಯಾವುದೋ ಗುಡ್ಡಗಾಡಿನ ದೇಶದ ಚಿತ್ರ. ಒಬ್ಬ ಹುಡುಗಿ, ಅವಳ ತಂದೆ, ನೂರಾರು ಕುರಿಗಳು, ಎಲ್ಲೆಲ್ಲೂ ಹಿಮ. ಒಂದು ಕುರಿಯ ಮರಿ ಸತ್ತುಬಿದ್ದಿತು. ಇನ್ನೊಂದು ಮರಿ ತಾಯಿಯಿಲ್ಲದೆ ಒದರುತ್ತಿತ್ತು. ತಂದೆ ಸತ್ತ ಮರಿಯನ್ನು ಎತ್ತಿಕೊಂಡು ಗುಡಿಸಲೊಳಗೆ ಹೋಗಿ, ಏನನ್ನೋ ಹಿಡಿದು ಹೊರಬಂದ. ಹುಡುಗಿ ಅದನ್ನು ಆ ತಬ್ಬಲಿ ಮರಿಯ ಬೆನ್ನಿಗೆ ಕಟ್ಟಿದಳು. ನಾನು ಮೈಕಿನಲ್ಲಿ, ದನಿಯನ್ನು ಸ್ವಲ್ಪ ನಡುಗಿಸಿ, ಹೇಳಿದೆ: "ನೋಡಿರಿ ಮಕ್ಕಳೇ, ಎಂಥ ಕರುಣೆ! ಚಳಿಯಾದೀತೆಂದು ಹುಡುಗಿ ಮರಿಗೆ ಕೋಟು ತೊಡಿಸುತ್ತಿದ್ದಾಳೆ!"

ಹಿಂದಿನ ಬೆಂಚುಗಳಿಂದ ನಗು ಎದ್ದಿತು. ಅಲ್ಲಿ ಕುಲಗೋಡದಿಂದ ಬಂದ ಕುರಿ ಕಾಯುವ ಮನೆತನದವರು ಕುಳಿತಿದ್ದರು. ಕಸ್ತೂರಿಯ ಗೆಳತಿಯ ಅಜ್ಜಿ ಯಲ್ಲವ್ವ ಎದ್ದು ನಿಂತಳು. ಕುರಿಗಳನ್ನು ಕೂಗಿ ಪಳಗಿದ ಗಂಟಲು, ಅದಕ್ಕೆ ಮೈಕು ಬೇಕಿರಲಿಲ್ಲ.

"ಮಾಸ್ತರ್ರಿ, ಅದು ಕೋಟಲ್ರಿ. ಸತ್ತ ಮರೀದು ತೊಗಲ್ರಿ ಅದು!"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು, ಹೇಳಲು ನಾಚಿಕೆಯಾಗುತ್ತದೆ, "ಆ ದೇಶದೊಳಗ ಹಂಗ ಕೋಟು ಹೊಲಿತಾರವ್ವಾ" ಎಂದೆ.

"ಯಾ ದೇಶ ಆದರೇನ್ರಿ, ಕುರಿ ಕುರೀನ ಅಲ್ರಿ? ಬ್ಯಾರೆ ಕುರಿ ಮರೀನ ತಾಯಿ ಹತ್ರಕ್ಕ ಸೇರ್ಸೂದಿಲ್ಲ. ತನ್ನ ಮರಿ ತೊಗಲು ಹೊಚ್ಚಿದರ ವಾಸನಿ ನೋಡಿ, ತನ್ನ ಮರೀನ ಅಂತ ತಿಳದು ಮೊಲಿ ಕುಡಸತೈತಿ. ನಾವೂ ಮಾಡ್ತೇವ್ರಿ. ಸುಮ್ಮನ ನೋಡ್ರಿ ಈಗ."

ನೋಡಿದೆವು. ಮರಿ ಕುರಿಯ ಹತ್ತಿರ ಹೋಯಿತು. ಕುರಿ ಒದೆಯಿತು. ಮರಿ ಮತ್ತೆ ಹೋಯಿತು. ಕುರಿ ಆ ತೊಗಲನ್ನು ಮೂಸಿತು, ಬಹಳ ಹೊತ್ತು ಮೂಸಿತು, ಆಮೇಲೆ ಕಾಲು ಸರಿಸಿ ನಿಂತಿತು. ಮರಿಯ ಬಾಲ ಅಲ್ಲಾಡತೊಡಗಿತು. ಟಾಕೀಸಿನಲ್ಲಿ ಯಾರೋ ಬಿಕ್ಕಿದರು. ಬಿಕ್ಕಿದ್ದು ನಾನೇ ಎಂಬುದು ಮೈಕಿನಿಂದಾಗಿ ಎಲ್ಲರಿಗೂ ತಿಳಿಯಿತು.

ಕಸ್ತೂರಿಯ ಕಡೆಗೆ ನೋಡಿದೆ. ಅವಳು ತಲೆ ತಗ್ಗಿಸಿ ಲಂಗದ ಅಂಚನ್ನು ಎಳೆಯುತ್ತಿದ್ದಳು. ಬಸ್ಸಿನ ಬಾಗಿಲಲ್ಲಿ ಎದುರಾದ ಮುದುಕರ ಮುಖ ಇದರ ಮುಂದೆ ಏನೇನೂ ಅಲ್ಲ. ಮೈಕು ಹಿಡಿದೇ ಹೇಳಿದೆ: "ನನಗ ಈ ಭಾಷಾ ಬರೂದಿಲ್ರಿ. ನಿನ್ನಿ ಹೇಳಿದ ಕತೀನೂ ನಂದ." ಆ ಕತ್ತೆಯ ಹೆಸರೂ ನನ್ನದೇ ಎಂದು ಸೇರಿಸಿದೆ. ಹೇಳುವಾಗ ಎಲ್ಲವನ್ನೂ ಹೇಳಿ ಮುಗಿಸಿಬಿಡುವುದು ಒಳ್ಳೆಯದಲ್ಲವೇ?

ಆ ದಿನ ಮನೆಗೆ ಬರುವಾಗ ಕಸ್ತೂರಿ ರಸ್ತೆಯ ಆ ಬದಿಗೆ ನಡೆದಳು, ನಾನು ಈ ಬದಿಗೆ. ಏಳು ದೇಶಗಳನ್ನು ಒಂದೇ ಬೆಳಿಗ್ಗೆ ಕಳೆದುಕೊಂಡ ಚಕ್ರವರ್ತಿ ಅಂದು ಅರ್ಧ ರೊಟ್ಟಿಗೇ ಕೈ ತೊಳೆದ.

ಮೂರನೆಯ ದಿನ ಮೈಕು ಮೂಲೆ ಸೇರಿತು. ಕತೆ ಹೇಳುತ್ತೀಯಾ ಎಂದು ಯಲ್ಲವ್ವನನ್ನು ಕೇಳಿದರೆ, "ಇವತ್ತಿಂದು ಸಮುದ್ರದ್ದಂತಲ್ರಿ. ಹೊಳಿ ಬಿಟ್ರ ನಾ ಏನೂ ನೋಡಿಲ್ರಿ, ನಂಗೇನ ಗೊತ್ತ?" ಎಂದಳು. ಎಷ್ಟು ಸಲೀಸಾಗಿ ಹೇಳಿದಳು! ನಾನು ಬೆಂಚಿನ ಮೇಲೆ ಕುಳಿತು, ಮೂರು ದಿನದಲ್ಲಿ ಮೊದಲ ಸಲ ನೆಟ್ಟಗೆ ತೆರೆಯ ಕಡೆಗೆ ಮುಖಮಾಡಿ ಸಿನಿಮಾ ನೋಡತೊಡಗಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಬಂದು ಕುಳಿತರು. ಕಸ್ತೂರಿ.

ತೆರೆಯ ಮೇಲೆ ಒಬ್ಬಾಕೆ ದಂಡೆಯಲ್ಲಿ ನಿಂತು ಅಳುತ್ತಿದ್ದಳು.

"ಅಪ್ಪಾ, ಆಕಿ ಯಾಕ ಅಳಾಕತ್ತಾಳ?"

"ನನಗ ಗೊತ್ತಿಲ್ಲವ್ವಾ," ಎಂದೆ. ಪ್ರಾಣವೇನೂ ಹೋಗಲಿಲ್ಲ.

ಅವಳು ನನ್ನ ತೋಳು ಹಿಡಿದು ಕಿವಿಯ ಹತ್ತಿರ ಬಂದಳು. "ನಂಗ ಗೊತ್ತೈತಿ. ನಾ ಹೇಳ್ತೇನಿ ಕೇಳು. ಆಕಿ ತಮ್ಮ ದೋಣ್ಯಾಗ ಹ್ವಾದ. ಅವನ ಹೆಸರು ಈರಪ್ಪ..."

ಆ ಯಾವುದೋ ದೇಶದ ಸಮುದ್ರದಲ್ಲಿ ಈರಪ್ಪ! ಒಂದು ತೊದಲಿಲ್ಲ, ಒಂದು ಅನುಮಾನವಿಲ್ಲ, ದನಿಯಲ್ಲಿ ತಕ್ಕಷ್ಟು ನಡುಕವೂ ಇತ್ತು. ನಾನು ಕತ್ತಲಲ್ಲಿ ಹೂಂಗುಟ್ಟುತ್ತ ಕೇಳಿದೆ. ಯಾವ ತೊಗಲನ್ನೂ ಹೊದಿಸಬೇಕಾಗಿರಲಿಲ್ಲ, ಮೂಸಿ ನೋಡಬೇಕಾಗಿಯೂ ಇರಲಿಲ್ಲ. ಇದು ನನ್ನದೇ ಮರಿ.