ಪುಕ್ಕಟೆ ಸಿನಿಮಾ, ಖಾಲಿ ಡಬ್ಬಿ

ಗೆಳೆಯರೇ, ಇವತ್ತು ಅನಗೋಳದ ತಂಗಿಯ ಮನೆಯಲ್ಲಿ ನನ್ನ ಸಿಡಿ ವಾಪಸಾಯಿತು. ಖಾನಾಪುರದಲ್ಲಿ ಸಿಡಿ ಬಾಡಿಗೆ ಅಂಗಡಿ ಇಟ್ಟಿರುವ ನಾನು ಭಾನುವಾರಕ್ಕೊಂದು ಹೊಸ ಸಿನಿಮಾ ಒಯ್ದು ಕೊಡುತ್ತೇನೆ. ತಂಗಿ ಡಬ್ಬಿ ತುಂಬ ಏನಾದರೂ ಕರಿದು ಕಳಿಸುತ್ತಾಳೆ.

"ಸಿಡಿ ಇನ್ನ ಬ್ಯಾಡ ಮಾಮಾ," ಎಂದಳು ತಂಗಿಯ ಮಗಳು. "ಕಂಪ್ಯೂಟರಿನ್ಯಾಗ ಪುಕ್ಕಟೆ ಬರತೈತಿ. ನೋಡೋ ಮಂದೀನ ತುಣುಕು ತುಣುಕು ಒಬ್ಬರಿಗೊಬ್ಬರು ಕೊಡತಾರ."

ತಂಗಿ ಕೇಳಿದಳು, "ನಾವೂ ಕೊಡತೀವೇನ?"

"ನಮ್ಮ ಸಿನಿಮಾ ಪೂರಾ ಬಂದಕೂಡ್ಲೇ ಕೊಡೂದು ಬಂದ್ ಮಾಡತೀನಿ."

"ಅಯ್ಯ, ಮಂದಿ ಡಬ್ಬಿ ಖಾಲಿ ತಿರಗಿ ಕೊಟ್ಟಂಗ ಆತಲ್ಲ! ಚಾಲೂ ಇರಲಿ ಬಿಡ."

ನನ್ನ ಅಂಗಡಿಗೆ ಬೀಗ ಬೀಳುವ ಮಾತನ್ನು ಇವರು ಉಪಚಾರದ ಮಾತಿನಂತೆ ಆಡುತ್ತಿದ್ದರು. ತಡೆಯಲಾಗಲಿಲ್ಲ. "ಹಂಚಿದವರ ಉಪಕಾರ ತೀರಸ್ತೀರಿ, ಖರೇ. ಸಿನಿಮಾದ ಅಡಿಗಿ ಮಾಡಿದವರಿಗೆ ಏನ ಕೊಟ್ರಿ?" ಎಂದೆ.

ಹುಡುಗಿ ನನ್ನ ಸಿಡಿಯನ್ನು ತಿರುಗಿಸಿ ನೋಡಿದಳು. "ನೀವೇನ ಕೊಟ್ಟೀರಿ ಮಾಮಾ? ಸಿನಿಮಾದ ಹೆಸರು ನಿಮ್ಮ ಸ್ಕೆಚ್ ಪೆನ್ನಿನಾಗ ಬರದೈತಿ. ಇದೂ ಕಾಪೀನ ಅಲ್ಲೇನು?"

ನಾನು ಚಹಾ ಕುಡಿದೆ.

ಹೊರಟಾಗ ತಂಗಿ ಎಂದಿನಂತೆ ಚಕ್ಕುಲಿಯ ಡಬ್ಬಿ ಕೈಗಿಟ್ಟಳು. "ಸಿಡಿ ಇಲ್ಲಂತ ಬರೂದ ಬಿಡಬ್ಯಾಡಣ್ಣಾ. ಡಬ್ಬಿ ಕೊಡಾಕರ ಬಾ."

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದೆ. ಖಾಲಿ ಒಯ್ಯುವಂತಿಲ್ಲ. ಇಷ್ಟು ವರ್ಷ ಮಂದಿಯ ಸಿನಿಮಾ ಕೊಟ್ಟು ಋಣ ತೀರಿಸಿದೆ. ಬರುವ ಭಾನುವಾರಕ್ಕೆ ನನ್ನದೇ ಅನ್ನುವಂಥದ್ದು ಏನಾದರೂ ಹುಡುಕಬೇಕು. ಇಡೀ ಅಂಗಡಿಯಲ್ಲಿ ಅಂಥದ್ದು ಆ ಸ್ಕೆಚ್ ಪೆನ್ನೊಂದೇ.